ರೆಕಾರ್ಡಿಂಗ್ ಗುಂಡಿ ಒತ್ತಿದ ಕೂಡಲೇ ಬೆರಳು ಮಾತು ಕೇಳುವುದಿಲ್ಲ. ಏನು ಮಾಡಲಿ?

ಸಾರಣಿ (ಶಿವಮೊಗ್ಗ), ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ವೀಣೆ ಕೈಗೆತ್ತಿಕೊಂಡದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಈಗ ಆರನೆಯ ವರ್ಷ ನಡೆಯುತ್ತಿದೆ. ಗುರುಗಳು ಮೈಸೂರಿನಲ್ಲಿದ್ದಾರೆ. ತಿಂಗಳಿಗೊಮ್ಮೆ ಹೋಗಿ ಎದುರು ಕುಳಿತು ಪಾಠ ಹೇಳಿಸಿಕೊಂಡು ಬರುತ್ತೇನೆ. ಉಳಿದ ವಾರಗಳಲ್ಲಿ ನುಡಿಸಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳುಹಿಸಬೇಕು.

ಈ ವಾರ ಕಲ್ಯಾಣಿ ರಾಗದ, ಆದಿತಾಳದ ಒಂದು ವರ್ಣದ (ಅಭ್ಯಾಸಕ್ಕೂ ಕಛೇರಿಗೂ ನುಡಿಸುವ ರಚನೆ) ಸರದಿ. ಬೆಳಗಿನ ಜಾವ ನುಡಿಸುವಾಗ ಎರಡು ಕಾಲವೂ (ನಿಧಾನದ್ದೂ ಅದರ ಇಮ್ಮಡಿ ವೇಗದ್ದೂ) ತೊಡಕಿಲ್ಲದೆ ಸಾಗುತ್ತದೆ. ಅಡುಗೆಮನೆಯಲ್ಲಿದ್ದ ನಮ್ಮ ಅತ್ತೆಯವರು ಮೊನ್ನೆ, "ಇವತ್ತು ಕೈ ಚೆನ್ನಾಗಿ ಕೂಡಿಬಂದಿದೆ" ಎಂದು ಅಲ್ಲಿಂದಲೇ ಕೂಗಿ ಹೇಳಿದರು. ಅದೇ ವರ್ಣ, ಅದೇ ಚಾಪೆ, ಅದೇ ಶ್ರುತಿ. ಮೊಬೈಲನ್ನು ಸ್ಟೂಲಿನ ಮೇಲಿಟ್ಟು ಗುಂಡಿ ಒತ್ತಿದರೆ ಸಾಕು, ಬಲಗೈಯ ಮೀಟು ಒಂದು ತಂತಿ ಬಿಟ್ಟು ಇನ್ನೊಂದರ ಮೇಲೆ ಬೀಳುತ್ತದೆ. ಎಡಗೈ ಬೆರಳು ಬೆವತು, ಜಾರಬೇಕಾದ ಕಡೆ ತಂತಿಗೆ ಅಂಟಿಕೊಳ್ಳುತ್ತದೆ. ನಿನ್ನೆ ಇಪ್ಪತ್ತಮೂರು ಸಲ ಶುರು ಮಾಡಿದೆ. ಒಂದು ಸಲವೂ ಕೊನೆ ಮುಟ್ಟಲಿಲ್ಲ. ರಾತ್ರಿ ವೀಣೆಗೆ ಬಟ್ಟೆ ಹೊದಿಸುವಾಗ ಅಳು ಬಂದಿತು.

ನನಗೆ ಅರ್ಥವಾಗದಿರುವುದು ಇದು: ಗುರುಗಳ ಎದುರಿಗೇ ಕುಳಿತು ನುಡಿಸುವಾಗ ಇಷ್ಟು ಭಯವಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ, ಒಂದು ಯಂತ್ರದ ಮುಂದೆ ಏಕೆ ಹೀಗಾಗುತ್ತದೆ? ಇದನ್ನು ದಾಟಿದವರು ಇದ್ದರೆ ದಯವಿಟ್ಟು ಬರೆಯಿರಿ.

ಆರು ತಂತಿ (ಬೆಂಗಳೂರು), ಭಾನುವಾರ ರಾತ್ರಿ 10.05

ಅಕ್ಕ, ನಾನು ಗಿಟಾರ್ ನುಡಿಸುವವನು. ನಿಮ್ಮ ಸಂಗೀತದ ಒಳಗಿನದು ನನಗೆ ತಿಳಿಯದು. ಆದರೆ ಈ ಭಯ ಚೆನ್ನಾಗಿ ಗೊತ್ತು. ನನಗೆ ಕೆಲಸಕ್ಕೆ ಬಂದ ಉಪಾಯ ಒಂದೇ: ಕುಳಿತ ಕೂಡಲೇ, ವಾದ್ಯದ ಚೀಲ ಬಿಚ್ಚುವ ಮೊದಲೇ ರೆಕಾರ್ಡಿಂಗ್ ಶುರು ಮಾಡಿಬಿಡುತ್ತೇನೆ. ಶ್ರುತಿ ಮಾಡುವುದು, ನೀರು ಕುಡಿಯುವುದು, ಕೆಮ್ಮುವುದು, ಬೆರಳು ಪಳಗಿಸುವುದು ಎಲ್ಲವೂ ಅದರಲ್ಲಿ ಸೇರಿಹೋಗುತ್ತದೆ. ಸಾಧಾರಣ ಗುಣಮಟ್ಟದಲ್ಲಿ ಒಂದು ನಿಮಿಷಕ್ಕೆ ಹೆಚ್ಚು ಕಡಿಮೆ 1 ಎಂಬಿ ಜಾಗ ಸಾಕು, ಒಂದು ಗಂಟೆಗೆ 60 ಎಂಬಿ. ಫೋನಿಗೆ ಅದೊಂದು ಭಾರವಲ್ಲ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಯಂತ್ರ ಓಡುತ್ತಿದೆ ಎಂಬುದೇ ಮರೆತಿರುತ್ತದೆ. ಆಮೇಲೆ ಬೇಕಾದ ಐದು ನಿಮಿಷ ಕತ್ತರಿಸಿ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಮಾತು. ಫೋನಿನ ಪರದೆಯನ್ನು ಕೆಳಮುಖ ಮಾಡಿ ಇಡಿ. ಓಡುವ ಸೆಕೆಂಡುಗಳನ್ನು ನೋಡುತ್ತಾ ನುಡಿಸಲು ಯಾರಿಂದಲೂ ಆಗದು.

ಕಮಾನು (ಮೈಸೂರು), ಸೋಮವಾರ ಬೆಳಿಗ್ಗೆ 6.50

ಸಾರಣಿ ಅವರೇ, ನಾನು ಪಿಟೀಲು ಕಲಿಸುವವಳು. ಉತ್ತರಕ್ಕೆ ಮೊದಲು ನನ್ನದೊಂದು ಪ್ರಶ್ನೆ. ಇಪ್ಪತ್ತಮೂರು ಸಲದಲ್ಲಿ ಎಷ್ಟು ಸಲ ಒಂದೇ ಜಾಗದಲ್ಲಿ ಕೈ ನಿಂತಿತು? ಆ ರೆಕಾರ್ಡಿಂಗ್‌ಗಳನ್ನು ಅಳಿಸಿಲ್ಲವಾದರೆ ಒಮ್ಮೆ ಕೇಳಿ, ಎಣಿಸಿ ಹೇಳಿ.

ಏಕೆ ಕೇಳುತ್ತಿದ್ದೇನೆ ಎಂದರೆ, ನನ್ನ ವಿದ್ಯಾರ್ಥಿಗಳು ಭಯ ಎಂದು ಕರೆಯುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿರುತ್ತವೆ. ಒಂದು ನಿಜವಾದ ಭಯ: ಹೆಗಲು ಬಿಗಿಯುತ್ತದೆ, ಕಮಾನು ಹಿಡಿದ ಹೆಬ್ಬೆರಳು ಕಲ್ಲಾಗುತ್ತದೆ, ನೀಳವಾಗಿ ಎಳೆಯುವ ಸ್ವರದಲ್ಲಿ ಕಮಾನು ತಂತಿಯ ಮೇಲೆ ನಡುಗುತ್ತದೆ. ಅದು ಎಲ್ಲಿ ಬೇಕಾದರೂ ಬರಬಹುದು. ಇನ್ನೊಂದು, ಪಾಠ ಗಟ್ಟಿಯಾಗದ ಜಾಗ. ಅದು ಪ್ರತಿ ಸಲವೂ ಅಲ್ಲಿಯೇ ಕೈಕೊಡುತ್ತದೆ. ಮನೆಯಲ್ಲಿ ಸುಮ್ಮನೆ ನುಡಿಸುವಾಗ ಬೆರಳಿನ ಅಭ್ಯಾಸ ಆ ಜಾಗವನ್ನು ಹೇಗೋ ದಾಟಿಸಿಬಿಡುತ್ತದೆ. ಮನಸ್ಸು ಎಚ್ಚರಗೊಂಡು "ಈಗ ಏನು ಬರಬೇಕು?" ಎಂದು ಬೆರಳನ್ನು ಕೇಳಿದ ದಿನ ಬೆರಳಿನ ಬಳಿ ಉತ್ತರ ಇರುವುದಿಲ್ಲ. ಈ ಎರಡನೆಯದಕ್ಕೆ ಉಸಿರಾಟದ ಅಭ್ಯಾಸ ಮದ್ದಲ್ಲ.

ಸಾರಣಿ (ಶಿವಮೊಗ್ಗ), ಸೋಮವಾರ ಮಧ್ಯಾಹ್ನ 2.15

ಎಲ್ಲವನ್ನೂ ಕೂತು ಕೇಳಿದೆ. ಹದಿನಾಲ್ಕು ಸಲ ಮೂರನೆಯ ಎತ್ತುಗಡೆ ಸ್ವರದಲ್ಲಿ (ವರ್ಣದ ಕೊನೆಯ ಭಾಗದ ಸ್ವರಗುಚ್ಛ), ಅದೂ ಎರಡನೆಯ ಕಾಲದಲ್ಲಿ ನಿಂತಿದೆ. ಐದು ಸಲ ಪಲ್ಲವಿಯ ಮೊದಲ ಆವರ್ತದಲ್ಲೇ, ಅಂದರೆ ತಾಳದ ಮೊದಲ ಸುತ್ತಿನಲ್ಲೇ ನಿಲ್ಲಿಸಿದ್ದೇನೆ. ಉಳಿದವು ಅಲ್ಲಲ್ಲಿ. ನನಗೆ ಇದು ಗೊತ್ತೇ ಇರಲಿಲ್ಲ. ಇಷ್ಟು ದಿನ ಎಲ್ಲವೂ ಭಯವೆಂದೇ ನಂಬಿದ್ದೆ.

ಕಮಾನು (ಮೈಸೂರು), ಸೋಮವಾರ ಸಂಜೆ 5.30

ಹಾಗಾದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆಯಿತು ಎಂದೇ ತಿಳಿಯಿರಿ. ವೀಣೆಯನ್ನು ಬದಿಗಿಟ್ಟು, ಕೈಯಲ್ಲಿ ತಾಳ ಹಾಕುತ್ತಾ ಆ ಎತ್ತುಗಡೆಯನ್ನು ಬಾಯಲ್ಲಿ ಹಾಡಿ. ಮೊದಲು ಒಂದನೆಯ ಕಾಲ, ಆಮೇಲೆ ಎರಡನೆಯದು. ಬಾಯಲ್ಲಿ ತಡವರಿಸುವುದು ಬೆರಳಿನಲ್ಲಿಯೂ ತಡವರಿಸುತ್ತದೆ. ಆಮೇಲೆ ಎಲ್ಲಿಂದ ಬೇಕಾದರೂ ಹೊರಡುವುದನ್ನು ರೂಢಿಸಿಕೊಳ್ಳಿ: ಆವರ್ತದ ಮಧ್ಯದಿಂದ, ದ್ರುತದಿಂದ (ತಾಳದ ಎರಡೆಣಿಕೆಯ ಭಾಗ), ಕೊನೆಯ ನಾಲ್ಕು ಅಕ್ಷರದಿಂದ. ಪಲ್ಲವಿಯಿಂದಲೇ ಶುರು ಮಾಡಿದರೆ ಮಾತ್ರ ಬರುತ್ತದೆ ಎಂದಾದರೆ, ಅದು ಸರಪಳಿಯಂತೆ ನೆನಪಾಗಿದೆ. ಒಂದು ಕೊಂಡಿ ಕಳಚಿದರೆ ಎಲ್ಲವೂ ಬಿದ್ದುಹೋಗುತ್ತದೆ.

ಇನ್ನೊಂದನ್ನು ನಾನು ಮಕ್ಕಳಿಂದ ಬಲವಂತವಾಗಿ ಮಾಡಿಸುತ್ತೇನೆ. ಬೇಕೆಂದೇ ಅರ್ಧ ಆವರ್ತ ನುಡಿಸದೆ ಬಿಡುವುದು, ತಾಳ ಮಾತ್ರ ಒಳಗೆ ಓಡುತ್ತಿರಬೇಕು, ಮುಂದಿನ ಸಮಕ್ಕೆ (ತಾಳದ ಮೊದಲ ಎಣಿಕೆಗೆ) ಬಂದು ಸೇರಿಕೊಳ್ಳುವುದು. ತಪ್ಪಿದ ಮೇಲೆ ಮರಳಿ ಸೇರುವುದನ್ನೂ ಒಂದು ಪಾಠವಾಗಿ ಕಲಿಯಬೇಕು. ಅದನ್ನು ಯಾರೂ ಕಲಿಸುವುದಿಲ್ಲ ಎಂಬುದು ನನ್ನ ಬಹುದಿನದ ಕೊರಗು.

ನಾಡಿ (ಮಂಗಳೂರು), ಸೋಮವಾರ ರಾತ್ರಿ 8.20

ವೃತ್ತಿಯಲ್ಲಿ ವೈದ್ಯೆ, ಸಂಜೆ ಹೊತ್ತು ಕೊಳಲಿನ ವಿದ್ಯಾರ್ಥಿನಿ. ಕಮಾನು ಅವರು ಹೇಳಿದ ಮೊದಲನೆಯ ಭಾಗದ ಬಗ್ಗೆ, ಅಂದರೆ ದೇಹದ ಬಗ್ಗೆ ಸ್ವಲ್ಪ ಬರೆಯುತ್ತೇನೆ.

ಭಯವಾದಾಗ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಚರ್ಮದ ರಕ್ತನಾಳಗಳು ಕುಗ್ಗಿ ಬೆರಳ ತುದಿ ತಣ್ಣಗಾಗುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಕೊಳಲು ನುಡಿಸುವವರಿಗೆ ಒಣಬಾಯಿ, ತುಂಡು ಉಸಿರು. ವೀಣೆಯವರಿಗೆ ತಣ್ಣನೆಯ ಒದ್ದೆ ಬೆರಳು. ಕಾಡಿನಲ್ಲಿ ಹುಲಿ ಕಂಡರೆ ಓಡಲು ಬೇಕಾದ ಸಿದ್ಧತೆ ಇದು. ಗಮಕಕ್ಕೆ (ಸ್ವರವನ್ನು ಆಡಿಸುವುದಕ್ಕೆ) ಬೇಕಾದ ಸೂಕ್ಷ್ಮ ಹಿಡಿತಕ್ಕೆ ಮಾತ್ರ ಇದು ಅಡ್ಡಿ.

ಇದನ್ನು ಪೂರ್ತಿ ಇಲ್ಲವಾಗಿಸಬೇಕಾಗಿಲ್ಲ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು 1908ರಲ್ಲಿಯೇ ಇಲಿಗಳ ಮೇಲೆ ಪ್ರಯೋಗ ಮಾಡಿ, ಕಷ್ಟದ ಕೆಲಸಕ್ಕೆ ಮಿತವಾದ ಉದ್ರೇಕವೇ ಒಳ್ಳೆಯದು, ಅದು ಮಿತಿಮೀರಿದರೆ ಕೆಲಸ ಕೆಡುತ್ತದೆ ಎಂದು ತೋರಿಸಿದ್ದರು. ಸುಲಭದ ಕೆಲಸವಾದರೆ ಹೆಚ್ಚಿನ ಉದ್ರೇಕವನ್ನೂ ತಾಳಿಕೊಳ್ಳುತ್ತದೆ. ಅಂದರೆ ಮೂರನೆಯ ಎತ್ತುಗಡೆ ನಿಮಗೆ ಸುಲಭವಾದಷ್ಟೂ ಅದೇ ಎದೆಬಡಿತ ನಿಮ್ಮನ್ನು ಕಡಿಮೆ ಕಾಡುತ್ತದೆ. ಕಮಾನು ಅವರ ಮಾತಿಗೂ ಇದಕ್ಕೂ ಸಂಬಂಧವಿದೆ.

ಮಾಡಬಹುದಾದದ್ದು: ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ಐದಾರು ಸಲ ಸಾಕು. ರೆಕಾರ್ಡ್ ಮಾಡುವ ದಿನ ಒಂದು ಲೋಟ ಕಾಫಿ ಬಿಡಿ. ನಡುಗುವ ಕೈಗೆ ಅದು ಇನ್ನಷ್ಟು ನಡುಕ ಕೊಡುತ್ತದೆ. ಬೆರಳು ತಣ್ಣಗಿದ್ದರೆ ಬೆಚ್ಚನೆಯ ಬಟ್ಟೆಯಲ್ಲಿ ಸುತ್ತಿಕೊಳ್ಳಿ. ಬಿಸಿನೀರಿನಲ್ಲಿ ಅದ್ದಬೇಡಿ, ಬೆರಳ ತುದಿಯ ಜಡ್ಡು ಮೆತ್ತಗಾಗಿ ತಂತಿ ಕೊಯ್ಯುತ್ತದೆ. "ನನಗೆ ಭಯವಿಲ್ಲ" ಎಂದು ಸುಳ್ಳು ಹೇಳಿಕೊಳ್ಳುವುದಕ್ಕಿಂತ "ನನಗೆ ಉತ್ಸಾಹ ಬಂದಿದೆ" ಎಂದು ಹೇಳಿಕೊಳ್ಳುವುದು ಸುಲಭ, ಏಕೆಂದರೆ ದೇಹದಲ್ಲಿ ಎರಡರ ಗುರುತೂ ಹೆಚ್ಚು ಕಡಿಮೆ ಒಂದೇ.

ಒಂದು ಎಚ್ಚರಿಕೆ. ಕೈನಡುಕ ತಡೆಯುವ ಪ್ರೊಪ್ರನೊಲಾಲ್ ಮಾತ್ರೆಯ ಬಗ್ಗೆ ಸಂಗೀತಗಾರರ ನಡುವೆ ಮಾತು ಹರಿದಾಡುತ್ತದೆ. ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಅದನ್ನು ಬಳಸುವವರು ಇದ್ದಾರೆ ಎಂಬುದೂ ನಿಜ. ಆಸ್ತಮಾ ಇರುವವರಿಗೆ ಅದು ಪ್ರಾಣಕ್ಕೇ ಅಪಾಯ ತರಬಹುದು. ಯಾರದೋ ಮಾತು ಕೇಳಿ ಔಷಧದ ಅಂಗಡಿಗೆ ಹೋಗಬೇಡಿ.

ಕೆಂಪುದೀಪ (ನಿವೃತ್ತ, ಬೆಂಗಳೂರು), ಮಂಗಳವಾರ ಬೆಳಿಗ್ಗೆ 11.10

ತಂಗಿ, ನಿನ್ನ ಪತ್ರ ಓದಿ ನಿನ್ನೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ಬಾನುಲಿಯಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ನಿವೃತ್ತನಾದವನು ನಾನು. ಗಾಜಿನ ಈಚೆ ಕುಳಿತು ಆಚೆಯ ಭಯವನ್ನು ನೋಡಿದಷ್ಟು ಬೇರೆ ಏನನ್ನೂ ನೋಡಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಬೇಕು.

"ಯಾರೂ ಇಲ್ಲದ ಕೋಣೆಯಲ್ಲಿ ಏಕೆ?" ಎಂದು ಕೇಳಿದ್ದೀಯೆ. ಯಾರೂ ಇಲ್ಲದಿರುವುದರಿಂದಲೇ. ಗುರುಗಳು ಎದುರಿಗಿದ್ದರೆ ಅವರ ಮುಖ ಕಾಣುತ್ತದೆ, ತಲೆ ಆಡಿಸುತ್ತಾರೆ, ತಪ್ಪಿದರೆ ಅವರೇ ತಾಳ ಹಾಕಿ ದಾರಿಗೆ ತರುತ್ತಾರೆ. ಯಂತ್ರ ತಲೆ ಆಡಿಸುವುದಿಲ್ಲ. ಆ ಖಾಲಿ ಜಾಗದಲ್ಲಿ ನಾವೇ ಒಬ್ಬ ಕೇಳುಗನನ್ನು ಕಲ್ಪಿಸಿ ಕೂರಿಸುತ್ತೇವೆ. ಆತ ಯಾವಾಗಲೂ ಜಗತ್ತಿನ ಅತ್ಯಂತ ಕಠಿಣ ವಿಮರ್ಶಕನೇ ಆಗಿರುತ್ತಾನೆ. ಆಕಾಶವಾಣಿಯ ಆಡಿಷನ್ನಿನಲ್ಲಿ ನುಡಿಸುವವರ ಹೆಸರು ತೀರ್ಪುಗಾರರಿಗೆ ತಿಳಿಯದ ಹಾಗೆ, ಬರೀ ನಾದವನ್ನು ಕೇಳಿ ತೀರ್ಮಾನಿಸುವ ಪದ್ಧತಿ 1950ರ ದಶಕದಿಂದ ಬಂದಿದೆ. ನ್ಯಾಯಕ್ಕಾಗಿ ಮಾಡಿದ ಏರ್ಪಾಟು ಅದು. ಆದರೂ ಮುಖ ಕಾಣದ ಆ ಕಿವಿಗಳಿಗೆ ಹೆದರಿ, ಊರೂರು ಕಛೇರಿ ಮಾಡಿ ಪಳಗಿದವರೂ ಸ್ಟುಡಿಯೊದಲ್ಲಿ ಬೆವತದ್ದನ್ನು ಕಂಡಿದ್ದೇನೆ.

ಈಗ ನನ್ನ ಮುಖ್ಯ ಮಾತು. ಹಿಂದೆ ನೇರ ಪ್ರಸಾರ ಇರುತ್ತಿತ್ತು. ಬಾಗಿಲ ಮೇಲೆ ಕೆಂಪು ದೀಪ ಹೊತ್ತಿಕೊಂಡಿತು ಎಂದರೆ ನುಡಿಸಿದ್ದು ಆ ಕ್ಷಣವೇ ಮನೆಮನೆಯ ರೇಡಿಯೊದಲ್ಲಿ ಕೇಳುತ್ತಿತ್ತು. ತಿದ್ದುವ ಮಾತೇ ಇಲ್ಲ. ಅಲ್ಲಿ ಭಯ ಇನ್ನೂ ಹೆಚ್ಚು ಇರಬೇಕಿತ್ತಲ್ಲವೇ? ನಾನು ಕಂಡಂತೆ, ಮೊದಲ ಎರಡು ನಿಮಿಷ ಇರುತ್ತಿತ್ತು, ಆಮೇಲೆ ಇಳಿಯುತ್ತಿತ್ತು. ಅದೇ ಕಲಾವಿದರು ಟೇಪಿನಲ್ಲಿ ಮುದ್ರಿಸಲು ಬಂದರೆ ಭಯ ಇಳಿಯುತ್ತಲೇ ಇರಲಿಲ್ಲ. ಒಂದು ಸಣ್ಣ ಅಪಸ್ವರಕ್ಕೆ ನಿಲ್ಲಿಸಿ, "ಇನ್ನೊಂದು ಸಲ ತೆಗೆದುಕೊಳ್ಳಿ" ಎನ್ನುತ್ತಿದ್ದರು. ಎರಡನೆಯ ಸಲ ಇನ್ನೂ ಸಣ್ಣದಕ್ಕೆ ನಿಲ್ಲಿಸುತ್ತಿದ್ದರು. ಏಳನೆಯ ಸಲಕ್ಕೆ ರಾಗವೇ ಒಣಗಿಹೋಗಿರುತ್ತಿತ್ತು. ಮತ್ತೆ ನುಡಿಸಬಹುದು ಎಂಬ ಅನುಕೂಲವೇ ಭಯಕ್ಕೆ ಗೊಬ್ಬರ ಹಾಕುತ್ತದೆ ಎಂದು ನನಗೆ ಅನ್ನಿಸಿದ್ದು ಆಗಲೇ. ನಿಲ್ಲಿಸುವ ಹಕ್ಕು ಇದ್ದಾಗ ಮನಸ್ಸು ನುಡಿಸುವುದನ್ನು ಬಿಟ್ಟು ಕಾವಲು ಕಾಯಲು ಹೋಗುತ್ತದೆ.

ನಮ್ಮ ದೇಶದಲ್ಲಿ ಧ್ವನಿಮುದ್ರಣ ಶುರುವಾದ ಕಾಲವನ್ನೇ ನೆನೆಸಿಕೋ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರು ಗ್ರಾಮಫೋನ್ ಕಂಪನಿಯ ಸದ್ದು ಹಿಡಿಯುವ ಕೊಳವೆಯ ಮುಂದೆ ನಿಂತು ಹಾಡಿದಾಗ ಮೈಕೂ ಇರಲಿಲ್ಲ, ಕತ್ತರಿಸಿ ಅಂಟಿಸುವ ಉಪಾಯವೂ ಇರಲಿಲ್ಲ. ಗಂಟೆಗಟ್ಟಲೆ ಹಾಡುವ ಪರಂಪರೆಯವರು ಮೂರು ನಿಮಿಷದೊಳಗೆ ಎಲ್ಲವನ್ನೂ ಹಾಡಿ, ಕೊನೆಗೆ ತಮ್ಮ ಹೆಸರನ್ನೂ ತಾವೇ ಕೂಗಿ ಹೇಳಿದರು. ಮೇಣದ ತಟ್ಟೆಯ ಮೇಲೆ ಮುಳ್ಳು ಕೊರೆಯುತ್ತಿರುವಾಗ ತಪ್ಪಾದರೆ ಆ ತಟ್ಟೆಯೇ ಕೆಟ್ಟಿತು ಎಂದು ಅರ್ಥ.

ನಮ್ಮ ಕಾಲಕ್ಕೆ ಕಾಲಂಗುಲ ಅಗಲದ ಟೇಪು ಬಂದಿತ್ತು. ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ 1,200 ಅಡಿಯ ಸುರುಳಿ 32 ನಿಮಿಷ ಓಡುತ್ತಿತ್ತು. ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುವುದನ್ನು ನಾನೂ ಸಾಕಷ್ಟು ಮಾಡಿದ್ದೇನೆ. ಹೆದರಿದ ಕಲಾವಿದರಿಗೆ ನಾನು ಮಾಡುತ್ತಿದ್ದ ಉಪಕಾರ ಇಷ್ಟೇ: "ಸದ್ದಿನ ಮಟ್ಟ ನೋಡಬೇಕು, ಸುಮ್ಮನೆ ಒಂದು ಸಲ ನುಡಿಸಿ" ಎನ್ನುತ್ತಿದ್ದೆ. ಆಗಲೇ ಟೇಪು ಓಡುತ್ತಿರುತ್ತಿತ್ತು. ಮುಗಿದ ಮೇಲೆ ಕೇಳಿಸಿ, ಒಪ್ಪಿದರೆ ಅದನ್ನೇ ಇಟ್ಟುಕೊಳ್ಳುತ್ತಿದ್ದೆ. ಹೆಚ್ಚಿನವರು ಅದನ್ನೇ ಒಪ್ಪುತ್ತಿದ್ದರು. ಆರು ತಂತಿ ಹುಡುಗ ಹೇಳಿದ ಉಪಾಯವೂ ಇದೇ ಜಾತಿಯದು.

ಹಾಗಾಗಿ ನನ್ನ ಕೋರಿಕೆ: ದಿನಕ್ಕೆ ಎರಡೇ ಸಲ. ತಪ್ಪಿದರೂ ನಿಲ್ಲಿಸಬೇಡ. ಎರಡರಲ್ಲಿ ಒಂದನ್ನು ಗುರುಗಳಿಗೆ ಕಳುಹಿಸು, ಹೇಗಿದ್ದರೂ ಸರಿ. ಮೂರನೆಯದು ನಾಳೆಗೆ.

ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರ ಶುರು ಮಾಡಿ, ಆಕಾಶವಾಣಿ ಎಂಬ ಹೆಸರನ್ನು ಬಳಕೆಗೆ ತಂದ ಎಂ. ವಿ. ಗೋಪಾಲಸ್ವಾಮಿ ಅವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮೈಕಿನ ಮುಂದೆ ಕುಳಿತವರ ಮನಸ್ಸನ್ನು ಅವರು ಹೇಗೆ ಕಂಡಿರಬಹುದು ಎಂದು ಕೆಲಸದಲ್ಲಿದ್ದಷ್ಟು ಕಾಲವೂ ಯೋಚಿಸುತ್ತಿದ್ದೆ.

ಬಿದಿರು (ಸ್ಟುಟ್‌ಗಾರ್ಟ್), ಮಂಗಳವಾರ ರಾತ್ರಿ 11.45

ಹಿರಿಯರೇ, ನಿಮ್ಮ ಅನುಭವದ ಮುಂದೆ ನಾನು ಚಿಕ್ಕವನು. ಆದರೂ ಒಂದು ಭಿನ್ನಾಭಿಪ್ರಾಯ ಹೇಳಲೇಬೇಕು. ನಾನು ಒಂಬತ್ತು ವರ್ಷಗಳಿಂದ ಜರ್ಮನಿಯಲ್ಲಿದ್ದೇನೆ, ಬೆಂಗಳೂರಿನ ಗುರುಗಳಲ್ಲಿ ವೇಣುವಾದನ ಕಲಿಯುತ್ತಿದ್ದೇನೆ. ನನ್ನ ಪಾಠವೆಲ್ಲ ರೆಕಾರ್ಡಿಂಗ್ ಮೂಲಕವೇ. ಜನರ ಎದುರು ನುಡಿಸಬೇಕಾದರೆ ನನಗೆ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಇಲ್ಲಿನ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ಒಮ್ಮೆ ಉಸಿರು ಸಿಗದೆ ಅರ್ಧಕ್ಕೆ ಎದ್ದುಬಂದೆ. ಮನೆಯಲ್ಲಿ, ಒಬ್ಬನೇ, ಮತ್ತೆ ಮತ್ತೆ ನುಡಿಸಬಹುದು ಎಂಬ ಭರವಸೆ ಇಲ್ಲದಿದ್ದರೆ ನಾನು ಕೊಳಲನ್ನೇ ಬಿಟ್ಟಿರುತ್ತಿದ್ದೆ. ನನಗೆ ಎರಡನೆಯ ಅವಕಾಶ ಎಂದರೆ ಕರುಣೆ.

ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಅವರನ್ನು ನೋಡಿ. ಕೀರ್ತಿಯ ಶಿಖರದಲ್ಲಿದ್ದಾಗ, 1964ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ವೇದಿಕೆಯನ್ನು ಪೂರ್ತಿಯಾಗಿ ತೊರೆದರು. ಉಳಿದ ಜೀವನವೆಲ್ಲ ಸ್ಟುಡಿಯೊದಲ್ಲಿ ನುಡಿಸಿದರು. ಬೇರೆ ಬೇರೆ ಸಲದ ತುಣುಕುಗಳನ್ನು ಜೋಡಿಸುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಎಲ್ಲರಿಗೂ ಒಂದೇ ಭಯ ಇರುವುದಿಲ್ಲ.

ಕೆಂಪುದೀಪ (ನಿವೃತ್ತ, ಬೆಂಗಳೂರು), ಬುಧವಾರ ಬೆಳಿಗ್ಗೆ 7.30

ತಮ್ಮಾ, ಒಪ್ಪಿದೆ. ನಿನಗೆ ಜನ ಭಯ, ಈ ತಂಗಿಗೆ ಯಂತ್ರ ಭಯ. ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಸರಿಯಲ್ಲ. ಆದರೂ ಗುರುಗಳಿಗೆ ಕಳುಹಿಸುವ ಪಾಠದಲ್ಲಿ ಕತ್ತರಿ ಆಡಿಸಬೇಡಿ ಎಂಬ ಮಾತನ್ನು ಬಿಟ್ಟುಕೊಡಲಾರೆ.

ಬಿದಿರು (ಸ್ಟುಟ್‌ಗಾರ್ಟ್), ಬುಧವಾರ ಮಧ್ಯಾಹ್ನ 1.00

ಅದನ್ನು ನಾನೂ ಒಪ್ಪುತ್ತೇನೆ. ಎಲ್ಲಿ ಉಸಿರು ತಪ್ಪುತ್ತದೆ ಎಂಬುದು ಗುರುಗಳಿಗೆ ತಿಳಿಯಬೇಕಾದರೆ ಆ ತಪ್ಪು ಅಲ್ಲಿ ಇರಬೇಕು.

ಧಾರವಾಡದ ಸಿತಾರ್, ಬುಧವಾರ ರಾತ್ರಿ 9.15

ಎಲ್ಲರೂ ಮನಸ್ಸಿನ ಬಗ್ಗೆ ಬರೆದಿದ್ದೀರಿ. ನಾನು ಕಿವಿಯ ಬಗ್ಗೆ ಬರೆಯುತ್ತೇನೆ. ಭಯದ ದೊಡ್ಡ ಪಾಲು ರೆಕಾರ್ಡಿಂಗ್ ಕೇಳಿದ ಮೇಲೆ ಹುಟ್ಟುತ್ತದೆ. "ನನ್ನ ಕೈ ಇಷ್ಟು ಕೆಟ್ಟದಾಗಿದೆಯೇ?" ಎಂದು ಒಮ್ಮೆ ಅನ್ನಿಸಿದರೆ ಮುಂದಿನ ಸಲ ಗುಂಡಿ ಒತ್ತುವಾಗ ಅದೇ ನೆನಪಾಗುತ್ತದೆ. ಆದರೆ ಆ ಕೆಟ್ಟ ಸದ್ದು ಎಷ್ಟೋ ಸಲ ನಿಮ್ಮ ಕೈಯದಲ್ಲ, ಫೋನಿನದು.

ಮೊಬೈಲ್ ಫೋನು ಮಾತಿಗಾಗಿ ಮಾಡಿದ್ದು. ಅನೇಕ ಫೋನುಗಳು ಮೆಲ್ಲನೆಯ ಸದ್ದನ್ನು ತಾವಾಗಿಯೇ ಎತ್ತುತ್ತವೆ, ಜೋರು ಸದ್ದನ್ನು ಅದುಮುತ್ತವೆ. ಮೀಟಿದ ಕ್ಷಣದ ಮೊನಚು ಹೋಗಿ, ಅದರ ಹಿಂದಿನ ಫ್ಯಾನಿನ ಸದ್ದು ಮೇಲೆ ಬರುತ್ತದೆ. ವಿಡಿಯೊ ಕರೆಯ ಆ್ಯಪ್‌ಗಳು ಒಂದೇ ಸಮನೆ ಮಿಡಿಯುವ ತಂಬೂರಿಯನ್ನು ಗದ್ದಲವೆಂದು ತಿಳಿದು ಅಳಿಸಿಹಾಕುವುದೂ ಉಂಟು. ಆದ್ದರಿಂದ ಸದ್ದಿನ ಮಟ್ಟವನ್ನು ಕೈಯಿಂದ ಹೊಂದಿಸಲು ಬಿಡುವ ರೆಕಾರ್ಡಿಂಗ್ ಆ್ಯಪ್ ಬಳಸಿ, ಅತಿ ಜೋರು ಮೀಟು ಸೊನ್ನೆಗಿಂತ (ಸದ್ದು ಒಡೆಯಲು ಶುರುವಾಗುವ ಮಟ್ಟ) 12 ಡೆಸಿಬೆಲ್ ಕೆಳಗೇ ನಿಲ್ಲುವ ಹಾಗೆ ಇಟ್ಟುಕೊಳ್ಳಿ. ಫೋನನ್ನು ಮೂರು ನಾಲ್ಕು ಅಡಿ ದೂರದಲ್ಲಿ, ಮಡಿಸಿದ ಟವೆಲಿನ ಮೇಲೆ ಇಡಿ. ಬರೀ ಸ್ಟೂಲಿನ ಮೇಲಿಟ್ಟರೆ ನೆಲದ ಅದುರೂ ಅದರೊಳಗೆ ಹೋಗುತ್ತದೆ. ಹಾಸಿಗೆ, ಬಟ್ಟೆ ತುಂಬಿದ ಕೋಣೆ ಖಾಲಿ ಹಾಲ್‌ಗಿಂತ ಮೇಲು. ಏರೋಪ್ಲೇನ್ ಮೋಡ್ ಹಾಕುವುದನ್ನು ಮರೆಯಬೇಡಿ.

ಸಾರಣಿ ಅವರೇ, ನೀವು ನುಡಿಸುವಾಗ ಕೇಳುವ ವೀಣೆ ಬೇರೆ, ಫೋನು ಕೇಳುವ ವೀಣೆ ಬೇರೆ. ಸೋರೆಬುರುಡೆ ನಿಮ್ಮ ತೊಡೆಯ ಮೇಲಿರುತ್ತದೆ, ಕುಡದ (ವೀಣೆಯ ಬಲಬದಿಯ ಮರದ ದೊಡ್ಡ ಬುರುಡೆ) ಅದುರು ನಿಮ್ಮ ಮೈಗೇ ತಾಗುತ್ತದೆ. ಆ ತುಂಬುನಾದದ ಅರ್ಧ ನಿಮ್ಮ ಎಲುಬಿನೊಳಗೆ ಕೇಳುತ್ತದೆ, ಗಾಳಿಯಲ್ಲಿ ಅದು ಇಲ್ಲ. ಮೇಲಾಗಿ ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರದ ಸ್ವರ ಬರುವುದೇ ಇಲ್ಲ. ಹೆಡ್‌ಫೋನಿನಲ್ಲಿ ಕೇಳಿ, ಅದೇ ರೆಕಾರ್ಡಿಂಗ್ ಬೇರೆಯದೆನ್ನಿಸುತ್ತದೆ.

ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಕಟ್ಟಿ ಏಳು ತಂತಿಯದನ್ನು ನುಡಿಸಿದರು. ಮೈಕು ಎಲ್ಲೆಡೆ ಇಲ್ಲದ ಕಾಲ ಅದು. ಕಛೇರಿಯ ಕೊನೆಯ ಸಾಲಿಗೂ ನಾದ ಮುಟ್ಟಬೇಕಿತ್ತು. ಅಷ್ಟು ದೂರ ಹೋಗುವ ಹೊತ್ತಿಗೆ ತಂತಿಯ ಕರಕರ, ಉಗುರಿನ ಟಕಟಕ ಎಲ್ಲವೂ ಉದುರಿ ನಾದ ಮಾತ್ರ ಉಳಿಯುತ್ತದೆ. ಈಗ ಒಂದು ಮೊಳದ ದೂರದಲ್ಲಿ ಮೈಕು ಇಟ್ಟು, ಅದರಲ್ಲಿ ಬಿದ್ದ ಪ್ರತಿಯೊಂದು ಕರಕರವನ್ನೂ ನಮ್ಮ ತಪ್ಪೆಂದು ಎಣಿಸುತ್ತಿದ್ದೇವೆ. ಇದು ನಮ್ಮ ಮೇಲೆ ನಾವೇ ಮಾಡುತ್ತಿರುವ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ನುಡಿಸಿದ ದಿನವೇ ಕೇಳಬೇಡಿ. ಒಂದು ರಾತ್ರಿ ಕಳೆಯಲಿ.

ಕಮಾನು (ಮೈಸೂರು), ಗುರುವಾರ ಬೆಳಿಗ್ಗೆ 6.40

ಸಿತಾರ್ ಅವರ ಕೊನೆಯ ಮಾತಿಗೆ ನೂರು ನಮಸ್ಕಾರ. ಎಡಗೈ ಬೆವರಿಗೆ: ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಪಕ್ಕದಲ್ಲಿ ಇಟ್ಟುಕೊಳ್ಳಿ. ವೈಣಿಕರು ಮೊದಲಿನಿಂದ ಮಾಡುವುದೇ. ಭಯದ ದಿನ ಅದನ್ನು ಮರೆಯುವುದೇ ಹೆಚ್ಚು.

ಮೃದಂಗದ ಅಮ್ಮ (ಹಾಸನ), ಗುರುವಾರ ರಾತ್ರಿ 10.30

ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ನನ್ನ ಮಗನಿಗೆ ಹನ್ನೊಂದು ವರ್ಷ. ಮೃದಂಗ ಕಲಿಯುತ್ತಾನೆ. ಅವನು ನುಡಿಸುವುದನ್ನು ವಿಡಿಯೊ ಮಾಡಿ ಬಂಧುಗಳ ಗುಂಪಿಗೆ ಕಳುಹಿಸುವುದು ನನಗೆ ಹೆಮ್ಮೆಯ ವಿಷಯವಾಗಿತ್ತು. ಅಂಗಿ ಬದಲಾಯಿಸು, ತಲೆ ಬಾಚಿಕೋ, ನಗುನಗುತ್ತಾ ನುಡಿಸು, ಇನ್ನೊಂದು ಸಲ, ಮತ್ತೊಂದು ಸಲ. ಫೋನಿನ ಹಿಂದೆ ನಿಂತು ನಾನೇ ಬಾಯಲ್ಲಿ ಸೊಲ್ಲುಕಟ್ಟು ಹೇಳುತ್ತಿದ್ದೆ. ಒಂದು ದಿನ ಅವನು, "ಅಮ್ಮ, ನಾನು ಇನ್ನು ತರಗತಿಗೆ ಹೋಗುವುದಿಲ್ಲ" ಎಂದ. ಕಾರಣ ಹೇಳಲಿಲ್ಲ. ಅವನ ಗುರುಗಳು ಎರಡು ದಿನ ಸಮಾಧಾನದಿಂದ ಮಾತನಾಡಿಸಿದ ಮೇಲೆ ಹೊರಬಂದದ್ದು ನನ್ನ ಫೋನಿನ ಮಾತು.

ಆಮೇಲೆ ಒಂದು ಹಳೆಯ ಫೋನನ್ನು ಅವನ ಕೋಣೆಯಲ್ಲಿಯೇ ಇಟ್ಟುಬಿಟ್ಟೆವು. ರೆಕಾರ್ಡ್ ಮಾಡುವವನೂ ಅವನೇ, ಅಳಿಸುವವನೂ ಅವನೇ. ನಾವು ಕೇಳಬೇಕೆಂದರೆ ಅವನು ಕರೆಯಬೇಕು. ನಾಲ್ಕು ತಿಂಗಳು ಕರೆಯಲಿಲ್ಲ. ಕಳೆದ ತಿಂಗಳು ಒಂದು ಸಂಜೆ ತಾನಾಗಿಯೇ ಬಂದು, "ಈ ಮೋಹರಾ ಕೇಳು" ಎಂದು ಫೋನನ್ನು ನನ್ನ ಕಿವಿಗೆ ಹಿಡಿದ.

ಆರು ತಂತಿ (ಬೆಂಗಳೂರು), ಗುರುವಾರ ರಾತ್ರಿ 10.50

ಅಮ್ಮ, ಇದನ್ನು ಬರೆದದ್ದಕ್ಕೆ ಧನ್ಯವಾದ. ಇದನ್ನು ನನ್ನ ಅಮ್ಮನಿಗೆ ಓದಿ ಹೇಳುತ್ತೇನೆ.

ಸಾರಣಿ (ಶಿವಮೊಗ್ಗ), ಮುಂದಿನ ವಾರದ ಬುಧವಾರ, ರಾತ್ರಿ 9.00

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಗುರುವಾರದಿಂದ ಭಾನುವಾರದವರೆಗೆ ರೆಕಾರ್ಡಿಂಗ್ ಮುಟ್ಟಲಿಲ್ಲ. ಮೂರನೆಯ ಎತ್ತುಗಡೆಯನ್ನು ಬಾಯಲ್ಲಿ ಹಾಡಿದೆ. ಮೊದಲ ದಿನವೇ ತಿಳಿಯಿತು: ಎರಡನೆಯ ಕಾಲದಲ್ಲಿ ನಾಲ್ಕು ಅಕ್ಷರಗಳ ಸ್ವರ ನನಗೆ ಗೊತ್ತೇ ಇರಲಿಲ್ಲ. ಬೆರಳು ಇಷ್ಟು ದಿನ ಅಲ್ಲಿ ಏನನ್ನೋ ಸುಮಾರಾಗಿ ನುಡಿಸಿ ದಾಟುತ್ತಿತ್ತು. ಸಾರು ಕುದಿಯುವಾಗ, ಬಟ್ಟೆ ಮಡಿಸುವಾಗ, ಬಸ್ಸಿನಲ್ಲಿ, ಎಲ್ಲ ಕಡೆ ಆ ನಾಲ್ಕು ಅಕ್ಷರವನ್ನೇ ಹೇಳಿಕೊಂಡೆ.

ಸೋಮವಾರ ಬೆಳಿಗ್ಗೆ ವೀಣೆಯ ಬಟ್ಟೆ ತೆಗೆಯುವ ಮೊದಲೇ ಗುಂಡಿ ಒತ್ತಿ, ಫೋನನ್ನು ಟವೆಲಿನ ಮೇಲೆ ಕೆಳಮುಖ ಮಾಡಿ ಇಟ್ಟೆ. ಶ್ರುತಿ ಮಾಡಿದೆ, ಸರಳೆ, ಜಂಟಿ ಎಲ್ಲವನ್ನೂ ನುಡಿಸಿದೆ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಡಾಕ್ಟರ್ ಹೇಳಿದಂತೆ ಅದು ಇರಲಿ ಎಂದು ಬಿಟ್ಟೆ. ವರ್ಣ ಶುರು ಮಾಡಿದಾಗ ಪಲ್ಲವಿಯಲ್ಲಿಯೇ ಒಂದು ಮೀಟು ತಪ್ಪಿತು. ಕೈ ನಿಲ್ಲಿಸಲು ಹೋಯಿತು. ಹಿರಿಯರ "ನಿಲ್ಲಿಸಬೇಡ" ನೆನಪಾಗಿ ಮುಂದೆ ಹೋದೆ. ಮೂರನೆಯ ಎತ್ತುಗಡೆ ದಾಟಿತು. ನಾಲ್ಕನೆಯದರಲ್ಲಿ ಅರ್ಧ ಆವರ್ತ ಕಳೆದುಹೋಯಿತು. ತಾಳದ ತಂತಿ ಮಾತ್ರ ಮೀಟುತ್ತಾ ಸಮಕ್ಕೆ ಕಾದು ಸೇರಿಕೊಂಡೆ. ಕೊನೆ ಮುಟ್ಟಿದೆ. ಎರಡನೆಯ ಸಲ ನುಡಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ಹೆಡ್‌ಫೋನಿನಲ್ಲಿ ಕೇಳಿದೆ. ಎರಡು ತಪ್ಪು, ಕಳೆದುಹೋದ ಅರ್ಧ ಆವರ್ತ, ಹಿನ್ನೆಲೆಯಲ್ಲಿ ಕುಕ್ಕರ್ ಸೀಟಿ. ನನ್ನ ವೀಣೆಯ ಮಂದ್ರ ಇಷ್ಟು ಚೆನ್ನಾಗಿದೆ ಎಂದು ತಿಳಿದಿರಲಿಲ್ಲ. ಯಾವುದನ್ನೂ ಕತ್ತರಿಸದೆ ಗುರುಗಳಿಗೆ ಕಳುಹಿಸಿದೆ.

ಕೆಂಪುದೀಪ (ನಿವೃತ್ತ, ಬೆಂಗಳೂರು), ಬುಧವಾರ ರಾತ್ರಿ 9.25

ಕಣ್ಣು ತುಂಬಿತು ತಂಗಿ. ಗುರುಗಳು ಏನೆಂದರು?

ಸಾರಣಿ (ಶಿವಮೊಗ್ಗ), ಬುಧವಾರ ರಾತ್ರಿ 9.40

ಇಂದು ಮಧ್ಯಾಹ್ನ ಧ್ವನಿ ಸಂದೇಶ ಬಂದಿತು. ತಪ್ಪಿದ ಮೀಟಿನ ಬಗ್ಗೆ ಒಂದು ಮಾತೂ ಇಲ್ಲ, ಕುಕ್ಕರ್ ಬಗ್ಗೆಯೂ ಇಲ್ಲ. "ಅನುಪಲ್ಲವಿಯಲ್ಲಿ ನಿಷಾದದ ಗಮಕ ಇನ್ನೂ ಸ್ವಲ್ಪ ನಿಧಾನವಾಗಿ ಷಡ್ಜವನ್ನು ಮುಟ್ಟಬೇಕು. ಅದನ್ನು ಸರಿಮಾಡಿಕೊಂಡು ಶನಿವಾರ ಮತ್ತೆ ಕಳುಹಿಸು" ಎಂದಿದ್ದಾರೆ.